ನಾಯಿ ಓಟ: ಅಡ್ಡಿಯ ನಿಯಮ

ಬೆಳಗಾವಿ, ಖಾನಾಪುರ ಸೀಮೆಯಲ್ಲಿ ಶರ್ಯತ್ತು (ಓಟದ ಪಂದ್ಯ) ಎಂದರೆ ಮೊದಲು ಚಕ್ಕಡಿಯದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಾಯಿ ಓಟವೂ ಉಂಟು. ಅಲ್ಲಿ ಓಡುವ ಮುಧೋಳ ತಳಿಯ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೆನ್ನಟ್ಟುವಂಥದು. ಹಾಗಾಗಿ ಎದುರಿನ ಗುರಿ ಬಿಟ್ಟು ಪಕ್ಕದ ನಾಯಿಯತ್ತ ಮುಖ ತಿರುಗಿಸಿ ಎರಗುವುದನ್ನೇ ಅಡ್ಡಿ ಎಂದು ಎಣಿಸಬೇಕು; ತಿರುವಿನಲ್ಲಿ ಮೈಗೆ ಮೈ ತಾಗುವುದನ್ನಲ್ಲ. ವಿದೇಶಗಳ ಹವ್ಯಾಸಿ ವಿಪೆಟ್, ಗ್ರೇಹೌಂಡ್ ಓಟಗಳಲ್ಲೂ ಹೀಗೆ ಕಾದಾಡುವ ನಾಯಿಯನ್ನು ಹೊರಗಿಡುತ್ತಾರೆ. ಮೂಕಪ್ರಾಣಿಗೆ ನಿಯಮ ತಿಳಿಯದು, ಶಿಕ್ಷೆ ಏಕೆ ಎಂಬ ಆಕ್ಷೇಪ ಸಹಜವೇ. ಆದರೆ ಅದು ಶಿಕ್ಷೆಯಲ್ಲ, ಉಳಿದ ನಾಯಿಗಳಿಗೆ ರಕ್ಷಣೆ. ನಿಯಮ ತಿಳಿಯಬೇಕಾದವನು ಮಾಲೀಕ (ಬಹುಮಾನ ದೊಡ್ಡದಾದಾಗ ಮರೆಯುವವನೂ ಅವನೇ). ಕಾನೂನನ್ನೂ ಮಾಲೀಕ ಮರೆಯಬಾರದು: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಂದ ತಿದ್ದುಪಡಿ ವಿನಾಯಿತಿ ಕೊಟ್ಟದ್ದು ಕಂಬಳಕ್ಕೆ, ಎತ್ತಿನ ಓಟಕ್ಕೆ; ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿದದ್ದೂ ಅದನ್ನೇ. ನಾಯಿಗೆ ಆ ಕಾಯ್ದೆ ಪೂರ್ತಿಯಾಗಿ ಅನ್ವಯಿಸುತ್ತದೆ.