ಮೋಟಾರು ಗಾಡಿಯ ಒಡವೆಗಳು: ಒಂದು ಐತಿಹಾಸಿಕ ವಿಚಾರ

ವಿಜಯವಾಡದ ಪಟಮಟವು ಎರಡು ಹೆದ್ದಾರಿಗಳ ಸಂಧಿಯ ಬಳಿ ಇದೆ. ಚೆನ್ನೈಯಿಂದ ಕೋಲ್ಕತ್ತಕ್ಕೆ ಹೋಗುವುದು ಒಂದು. ಪುಣೆಯಿಂದ ಹೊರಟು, ಬೀದರ ಜಿಲ್ಲೆಯ ಹುಮನಾಬಾದನ್ನು ಹಾಯ್ದು, ಹೈದರಾಬಾದಿನ ಮೂಲಕ ಮಚಲಿಪಟ್ಟಣವನ್ನು ಸೇರುವುದು ಇನ್ನೊಂದು. ಇವು ಕೂಡುವ ಸ್ಥಳಕ್ಕೆ ಬೆಂಜ್ ಸರ್ಕಲ್ ಎಂದು ಹೆಸರು. ಸಮೀಪದಲ್ಲಿಯೇ 1960ರ ದಶಕದಲ್ಲಿ ಸ್ಥಾಪಿತವಾದ ಜವಾಹರ್ ಆಟೋನಗರವಿದೆ. ಲಾರಿಗಳಿಗೆ ಬಾಡಿ ಕಟ್ಟುವುದು, ಎಂಜಿನ್ ಬಿಚ್ಚಿ ಜೋಡಿಸುವುದು, ಬಿಡಿಭಾಗಗಳನ್ನು ಮಾರುವುದು ಅಲ್ಲಿಯ ಕಸಬುಗಳು. ಎಣ್ಣೆ ಮಸಿಯ ಈ ಬೀದಿಗಳಲ್ಲಿ ಇತಿಹಾಸದ ವಿದ್ಯಾರ್ಥಿಗೆ ಏನು ಕೆಲಸವೆಂದು ಕೆಲವರು ಕೇಳಬಹುದು. ಶಾಸನಗಳೆಲ್ಲವೂ ಕಲ್ಲಿನ ಮೇಲೆಯೇ ಇರಬೇಕೆಂಬ ನಿಯಮವಿಲ್ಲವಷ್ಟೆ.

ಮುಂಭಾಗದ ಗ್ರಿಲ್, ಬಾನೆಟ್ಟಿನ ಮೇಲಣ ಲಾಂಛನ, ಬಾಗಿಲುಗಳ ಉದ್ದಕ್ಕೂ ಹಾಯುವ ಹೊಳಪಿನ ಪಟ್ಟಿ, ಚಕ್ರದ ನಡುವಣ ಮುಚ್ಚಳ, ಹೆಸರನ್ನು ಬರೆದ ಲೋಹಾಕ್ಷರಗಳು ಮೋಟಾರು ಗಾಡಿಯ ಒಡವೆಗಳು. ಇವು ಇಲ್ಲದಿದ್ದರೂ ಗಾಡಿ ಓಡುತ್ತದೆ. ಆದಕಾರಣವೇ ಎಲ್ಲಕ್ಕಿಂತ ಮೊದಲು ಕಳೆದುಹೋಗುವುವು ಇವೇ. ಆದರೆ ಗಾಡಿಯ ಕುಲವನ್ನೂ ಕಾಲವನ್ನೂ ಸಾರುವ ಹೊಣೆ ಬಹುಮಟ್ಟಿಗೆ ಇವುಗಳ ಮೇಲೆಯೇ ಬಿದ್ದಿದೆ. ಬೆಂಜ್ ಎಂಬ ಹೆಸರಿನ ನೆನಪಿನಲ್ಲಿಯೇ ಒಂದು ನಿದರ್ಶನವನ್ನು ನೋಡಬಹುದು. 1954ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. ಅವು ಮೂರು ಕಿರಣಗಳ ನಕ್ಷತ್ರವನ್ನು ಹೊತ್ತಿದ್ದವು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಹೋಗಿ ಟಾಟಾ ಸಂಸ್ಥೆಯ ಸ್ವಂತ ಲಾಂಛನ ಬಂದಿತು. ಹಳೆಯ ಟಾಟಾ ಲಾರಿಯೊಂದರ ಮೂಲ ನಕ್ಷತ್ರ ಉಳಿದಿದ್ದರೆ ಅದರ ಕಾಲವನ್ನು ಹದಿನೈದು ವರ್ಷಗಳ ಒಳಗೆ ನಿರ್ಣಯಿಸಬಹುದು.

ಕನ್ನಡಿಗರಿಗೆ ಹತ್ತಿರವಾದ ನಿದರ್ಶನ ಇನ್ನೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸಂಚರಿಸಿ, ಭಾರತದಲ್ಲಿ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಸಂಸ್ಥೆಯೊಡನೆ ಮಾತುಕತೆ ನಡೆಸಿದರು. ಮೈಸೂರು ಸರ್ಕಾರವು ನೆರವಿಗೆ ಮುಂದೆ ಬಂದಿತಾದರೂ, ಯುದ್ಧಕಾರ್ಯಕ್ಕೆ ಇದು ಅವಶ್ಯವಲ್ಲವೆಂಬ ಬ್ರಿಟಿಷ್ ಸರ್ಕಾರದ ನಿಲುವಿನಿಂದ ಯತ್ನ ಫಲಿಸಲಿಲ್ಲ. ಬೆಂಗಳೂರಿಗೆ 1940ರ ಡಿಸೆಂಬರಿನಲ್ಲಿ ವಿಮಾನ ಕಾರ್ಖಾನೆ ಬಂದಿತು; ಮೋಟಾರು ಬರಲಿಲ್ಲ. 1944ರಲ್ಲಿ ವಾಲ್‌ಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿತವಾಯಿತು. ಅದರ ಕಾರ್ಖಾನೆ ಮುಂಬಯಿಯ ಕುರ್ಲಾದಲ್ಲಿ ಎದ್ದಿತು. ಅದು ಕ್ರೈಸ್ಲರ್ ಸಂಸ್ಥೆಯ ಪ್ಲಿಮತ್, ಡಾಡ್ಜ್, ಡಿಸೋಟೋ ಕಾರುಗಳನ್ನು ಜೋಡಿಸಿ ಮಾರಿತು. ಲಾರಿಗಳಿಗೆ ಡಾಡ್ಜ್, ಡಿಸೋಟೋ, ಫಾರ್ಗೋ ಎಂಬ ಹೆಸರುಗಳಿದ್ದವು.

ಗಮನಿಸಬೇಕಾದುದೇನೆಂದರೆ, ಈ ಹೆಸರುಗಳಲ್ಲಿ ಹಲವು ಒಂದೇ ಒಡಲಿಗೆ ಇಟ್ಟವು. ಹೊರದೇಶಗಳಿಗೆಂದು ತಯಾರಾದ ಡಾಡ್ಜ್ ಕಿಂಗ್ಸ್‌ವೇ, ಡಿಸೋಟೋ ಡಿಪ್ಲೊಮ್ಯಾಟ್ ಕಾರುಗಳು ಒಳಗೆ ಪ್ಲಿಮತ್ ಕಾರುಗಳೇ. ಭೇದವೆಲ್ಲ ಬಹುತೇಕ ಗ್ರಿಲ್ಲಿನಲ್ಲಿ, ಲಾಂಛನದಲ್ಲಿ, ಅಕ್ಷರಗಳಲ್ಲಿ. ಲಾರಿಗಳ ಕಥೆಯೂ ಹೀಗೆಯೇ. ಇವನ್ನು ಕಳೆದುಕೊಂಡ ಗಾಡಿ ಅಂಕಿತವಿಲ್ಲದ ವಚನದಂತೆ. ಕರ್ತೃ ಯಾರೆಂದು ವಾದ ಮಾಡುತ್ತ ಕೂರಬೇಕು.

ಕಳೆಯುವುದಕ್ಕೆ ಕಾರಣವೂ ಚರಿತ್ರೆಯಲ್ಲಿಯೇ ಇದೆ. ದೇಶದಲ್ಲಿಯೇ ಗಾಡಿ ತಯಾರಿಸುವ ಯೋಜನೆಯಿಲ್ಲದ ಸಂಸ್ಥೆಗಳು ಜೋಡಣೆಯ ಕೆಲಸವನ್ನು ನಿಲ್ಲಿಸಬೇಕೆಂದು ಸರ್ಕಾರವು 1953ರಲ್ಲಿ ನಿರ್ಧರಿಸಲು, ಫೋರ್ಡ್, ಜನರಲ್ ಮೋಟಾರ್ಸ್ ಸಂಸ್ಥೆಗಳು ಮುಂಬಯಿಯಿಂದ ಕಾಲ್ತೆಗೆದವು. ಆಮದು ಬಿಗಿಯಾಯಿತು. ಒಡೆಯರು ಗಾಡಿಗಳನ್ನು ಎಸೆಯಲಿಲ್ಲ. ಡೀಸಲ್ ಎಂಜಿನ್ ಕೂರಿಸಿದರು, ಒಂದರ ಬಂಪರನ್ನು ಇನ್ನೊಂದಕ್ಕೆ ತೊಡಿಸಿದರು. ಹೀಗೆ ಒಡವೆಗಳು ಬೆಂಗಳೂರಿನ ಶಿವಾಜಿನಗರದ ಗುಜರಿ, ಚೆನ್ನೈಯ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರುಗಳಂತಹ ಸ್ಥಳಗಳಲ್ಲಿ ಚೆದುರಿದವು. ಇಂದು ಹುಡುಕುವವರು ಅಲೆಯುವುದೂ ಅಲ್ಲಿಯೇ.

ಸಿಕ್ಕ ವಸ್ತುವನ್ನು ಸರಿಪಡಿಸುವುದು ಬೇರೊಂದು ವಿದ್ಯೆ. ಬಂಪರು ಉಕ್ಕಿನದು; ತಟ್ಟಿ, ಉಜ್ಜಿ, ಮರಳಿ ಲೇಪಿಸಬಹುದು. ಲಾಂಛನಗಳು ಅನೇಕವೇಳೆ ಸತುವಿನ ಮಿಶ್ರಲೋಹದ ಎರಕ. ಲೇಪದ ಸೂಕ್ಷ್ಮರಂಧ್ರಗಳಲ್ಲಿ ತೇವ ಇಳಿದರೆ ಅಡಿಯ ಸತು ಕೊರೆದು, ಮೈಮೇಲೆ ಸಿಡುಬಿನಂತಹ ಕುಳಿಗಳು ಏಳುತ್ತವೆ. ಹಳೆಯ ಲೇಪವನ್ನು ಕಳಚಿ, ಕುಳಿಗಳನ್ನು ಕೆದಕಿ ಶುದ್ಧಮಾಡಿ, ತಾಮ್ರವನ್ನು ಪದರಪದರವಾಗಿ ತುಂಬಿ ಉಜ್ಜಿ, ಅದರ ಮೇಲೆ ನಿಕ್ಕಲ್, ಕೊನೆಗೆ ತೆಳುವಾದ ಕ್ರೋಮಿಯಂ ಕೊಡಬೇಕು. ಅವಸರದಿಂದ ಉಜ್ಜಿದರೆ ಅಕ್ಷರದ ಅಂಚುಗಳೇ ಸವೆದುಹೋಗುತ್ತವೆ.

ಪ್ರದರ್ಶನಗಳಲ್ಲಿ ಎಲ್ಲವೂ ಫಳಫಳಿಸಬೇಕೆಂಬ ಚಪಲವು ಇನ್ನೂ ದೊಡ್ಡ ತಪ್ಪಿಗೆ ಎಡೆಮಾಡುತ್ತದೆ. 1920ರ ದಶಕದ ಮೊದಲ ವರ್ಷಗಳ ಗಾಡಿಗಳಲ್ಲಿ ಕ್ರೋಮಿಯಂ ಇರಲಿಲ್ಲ. ತುಸು ಹಳದಿ ಛಾಯೆಯ ನಿಕ್ಕಲ್ ಇತ್ತು. 1942ರ ಕಥೆ ಮತ್ತೂ ವಿಚಿತ್ರ. ಅಮೆರಿಕವು ಯುದ್ಧಕ್ಕಿಳಿದುದರಿಂದ ಆ ವರ್ಷದ ಜನವರಿಯಲ್ಲಿ ಅಲ್ಲಿ ತಯಾರಾದ ಕಾರುಗಳಿಗೆ, ಬಂಪರುಗಳ ಹೊರತು, ಹೊಳೆಯುವ ಲೇಪ ನಿಷಿದ್ಧವಾಯಿತು. ಅಲಂಕಾರಗಳಿಗೆ ಬಣ್ಣ ಬಳಿದರು. ಫೆಬ್ರವರಿಯಲ್ಲಿ ನಾಗರಿಕ ಕಾರುಗಳ ತಯಾರಿಕೆಯೇ ನಿಂತಿತು. ಅಂತಹ ಕಾರಿಗೆ ಇಂದು ಅಕ್ಕರೆಯಿಂದ ಕ್ರೋಮಿಯಂ ತೊಡಿಸುವವನು ಯುದ್ಧದ ಸಾಕ್ಷ್ಯವನ್ನು ಅಳಿಸಿದಂತಾಗುತ್ತದೆ.

ಭಾರತ ಸರ್ಕಾರವು 2021ರಲ್ಲಿ ನೋಂದಣಿಯಾಗಿ ಐವತ್ತು ವರ್ಷಗಳು ದಾಟಿದ ಗಾಡಿಗಳಿಗೆ ಪ್ರತ್ಯೇಕ ನಿಯಮಗಳನ್ನು ಮಾಡಿತು. ಅವು ಮೂಲ ರೂಪದಲ್ಲಿಯೇ ಇರಬೇಕು. ಗಣನೀಯ ಮಾರ್ಪಾಟೆಂದು ನಿಯಮವು ಹೆಸರಿಸುವುದು ಚಾಸಿ, ಬಾಡಿ, ಎಂಜಿನ್‌ಗಳಿಗೆ ಮಾಡಿದ ಬದಲಾವಣೆಯನ್ನು. ಒಡವೆಗಳ ಪ್ರಸ್ತಾಪ ಅಲ್ಲಿಲ್ಲ. ಅವುಗಳ ಹೊಣೆ ಒಡೆಯನ ವಿವೇಕಕ್ಕೂ ಕೆಲಸಗಾರನ ಕೈಗೂ ಬಿಟ್ಟದ್ದು. ಕುಶಲನಾದವನು ಬಾನೆಟ್ಟಿನ ಬಣ್ಣದ ಪದರಗಳನ್ನು ಮೆಲ್ಲನೆ ಉಜ್ಜುತ್ತ ಹೋಗುತ್ತಾನೆ. ಎಂದೋ ಬೆಸುಗೆ ಹಾಕಿ ಮುಚ್ಚಿದ ಸಣ್ಣ ರಂಧ್ರಗಳ ಸಾಲು ಅಡಿಯಲ್ಲಿ ಕಂಡರೆ, ನಡುವಣ ಅಂತರವನ್ನು ಅಳೆದು, ಅಲ್ಲಿ ಕೂತಿದ್ದ ಅಕ್ಷರಗಳು ಡಾಡ್ಜಿನವೋ ಡಿಸೋಟೋವಿನವೋ ಎಂಬುದನ್ನು ಗೊತ್ತುಮಾಡಿಕೊಂಡು, ಆಮೇಲೆ ಗುಜರಿಯ ಹಾದಿ ಹಿಡಿಯುತ್ತಾನೆ.