ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರ

ಚಿಕವೀರರಾಜೇಂದ್ರ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1956ರಲ್ಲಿ ಪ್ರಕಟವಾದ ಮಾಸ್ತಿಯವರ ಕಾದಂಬರಿ. ನಮ್ಮ ವೈಟ್‌ಫೀಲ್ಡ್‌ಗೆ ನೆರೆಯಾದ ಮಾಲೂರು ತಾಲ್ಲೂಕಿನವರೇ ಮಾಸ್ತಿ. ಕಾದಂಬರಿ ಓದಿದವರು ಅದರ ಹಿಂದಿನ ಇತಿಹಾಸವನ್ನೂ ತಿಳಿಯುವುದು ಒಳ್ಳೆಯದು.

ಹಾಲೇರಿ ವಂಶದ ಚಿಕವೀರರಾಜೇಂದ್ರ ತಂದೆ ಲಿಂಗರಾಜೇಂದ್ರನ ನಂತರ 1820ರಲ್ಲಿ ಪಟ್ಟಕ್ಕೆ ಬಂದ. ಪಟ್ಟಕ್ಕೆ ಎದುರಾಗಬಹುದೆಂಬ ಅನುಮಾನದಿಂದ ರಕ್ತಸಂಬಂಧಿಗಳನ್ನೇ ಕೊಲ್ಲಿಸಿದ. 1832ರಲ್ಲಿ ಒಡಹುಟ್ಟಿದ ದೇವಮ್ಮಾಜಿಯೇ ಗಂಡ ಚನ್ನಬಸವಪ್ಪನೊಂದಿಗೆ ಮೈಸೂರಿಗೆ ಓಡಿಹೋಗಿ ಬ್ರಿಟಿಷ್ ರೆಸಿಡೆಂಟನ ಆಶ್ರಯ ಬೇಡಿದಳು. ಅವರನ್ನು ಒಪ್ಪಿಸಿರೆಂದು ಅರಸ ಹಟ ಹಿಡಿದ, ಕಂಪನಿ ಒಪ್ಪಲಿಲ್ಲ. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ಕೊಡಗಿಗೆ ನುಗ್ಗಿತು. ಅರಸ ಶರಣಾದ. ಮೇ 7ರಂದು ಕರ್ನಲ್ ಫ್ರೇಜರ್ ಹೊರಡಿಸಿದ ಘೋಷಣೆಯಿಂದ ಕೊಡಗು ಕಂಪನಿಯ ವಶವಾಯಿತು. ಪ್ರಜೆಗಳ ಇಚ್ಛೆಯಂತೆಯೇ ಇದು ನಡೆಯಿತೆಂದು ಕಂಪನಿ ಹೇಳಿಕೊಂಡಿತು.

ಆದರೆ ಮೂರೇ ವರ್ಷದಲ್ಲಿ, 1837ರಲ್ಲಿ, ಅಮರ ಸುಳ್ಯದ ರೈತರು ದಂಗೆ ಎದ್ದು ಮಂಗಳೂರಿನವರೆಗೂ ಹೋದರು. ಕಂಪನಿಯವರು ಆ ಸೀಮೆಯನ್ನು ಕೊಡಗಿನಿಂದ ಬೇರೆ ಮಾಡಿ ಕೆನರಾಕ್ಕೆ ಸೇರಿಸಿದ್ದರು. ಮೊದಲು ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. ರೈತರು ಹೋರಾಡಿದ್ದು ಅದೇ ಹಾಲೇರಿ ವಂಶದ ಹೆಸರಿನಲ್ಲಿ!

ದೂರದ ಕೊರಿಯಾದಲ್ಲೂ ಇಂಥ ಒಬ್ಬ ಅರಸನಿದ್ದ. 1494ರಿಂದ 1506ರವರೆಗೆ ಆಳಿದ ಯೋನ್ಸಾನ್, ತನ್ನ ಪೂರ್ವಿಕನೊಬ್ಬನಿಗೆ ಕಳಂಕ ತರುವಂಥದ್ದನ್ನು ದಾಖಲಿಸಿದರೆಂದು ಚರಿತ್ರೆ ಬರೆಯುವವರನ್ನೇ ಕೊಲ್ಲಿಸಿದ. ಕೊನೆಗೆ ಅವನ ಅಧಿಕಾರಿಗಳೇ ಅವನನ್ನು ಇಳಿಸಿ, ತಮ್ಮನಿಗೆ ಪಟ್ಟ ಕಟ್ಟಿದರು. ಅಲ್ಲಿ ದುಷ್ಟ ಅರಸ ಹೋದ, ರಾಜ್ಯ ಉಳಿಯಿತು. ಇಲ್ಲಿ ಅರಸನ ಜೊತೆ ರಾಜ್ಯವೂ ಹೋಯಿತು.

ಕಾಶಿಗೆ ಕಳುಹಿಸಲ್ಪಟ್ಟ ಚಿಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ. ಗೌರಮ್ಮ ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆಯಾದಳು. ಕಂಪನಿ ಹಿಡಿದಿಟ್ಟ ತನ್ನ ಹಣಕ್ಕಾಗಿ ಅರಸ ಅಲ್ಲಿಯೇ ನ್ಯಾಯಾಲಯದ ಮೆಟ್ಟಿಲು ಹತ್ತಿದ. ತನ್ನ ನಾಡಿನಲ್ಲಿ ಪ್ರಜೆಗಳಿಗೆ ನ್ಯಾಯ ಕೊಡದವನು ಪರದೇಶದಲ್ಲಿ ನ್ಯಾಯ ಕೇಳುತ್ತಾ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಅರಸನ ಕ್ರೌರ್ಯ ಸುಳ್ಳಲ್ಲ. ಅದನ್ನು ನೆಪ ಮಾಡಿಕೊಂಡ ಕಂಪನಿಯ ಆಸೆಯೂ ಸುಳ್ಳಲ್ಲ. ನಮ್ಮ ಶಾಲೆಯ ಮಕ್ಕಳು ಇತಿಹಾಸ ಓದುವಾಗ ಎರಡನ್ನೂ ಒಟ್ಟಿಗೆ ನೋಡಲಿ. ಒಬ್ಬ ಕೆಟ್ಟವನೆಂದ ಮಾತ್ರಕ್ಕೆ ಅವನನ್ನು ಇಳಿಸಿದವರೆಲ್ಲ ಒಳ್ಳೆಯವರಾಗುವುದಿಲ್ಲ. ಆಳುವವರನ್ನು ನಾವೇ ಆರಿಸುವ, ನಾವೇ ಇಳಿಸುವ ಹಕ್ಕು ಇಂದು ನಮ್ಮ ಕೈಯಲ್ಲಿದೆ. ಅದರ ಬೆಲೆ ಏನೆಂದು ಕೊಡಗಿನ ಈ ಕಥೆ ಹೇಳುತ್ತದೆ.