ಬಿಕಿಲಾ ಬರಿಗಾಲಲ್ಲಿ ಗೆದ್ರು, ನಾನ್ಯಾಕೆ ಕುಂಟಿದೆ?

ಇವತ್ತಿನ ಎಪಿಸೋಡ್ ಶುರುವಾಗೋದು ನನ್ನ ಮೀನಖಂಡದಿಂದ.

ನಾಲ್ಕು ವರ್ಷದಿಂದ ವಾರಕ್ಕೆ ನಾಲ್ಕು ದಿನ ಓಡ್ತಿದೀನಿ. ಕಳೆದ ವರ್ಷ ಒಂದು ಬೆಳಗ್ಗೆ ಶೂ ಬಿಚ್ಚಿಟ್ಟು, ಬರಿಗಾಲಲ್ಲಿ ಒಂದೇ ಸಲಕ್ಕೆ 6 ಕಿಲೋಮೀಟರ್ ಓಡಿಬಿಟ್ಟೆ. ಮಾರನೇ ದಿನ ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೋಬೇಕಾಯ್ತು. ಮೂರು ವಾರ ಓಟ ಬಂದ್. ಕಾರಣ, ರಾತ್ರಿ ಮೊಬೈಲಲ್ಲಿ ನೋಡಿದ ಒಂದು ಹಳೇ ವಿಡಿಯೋ.

1960ರ ಸೆಪ್ಟೆಂಬರ್ 10, ರೋಮ್ ಒಲಿಂಪಿಕ್ಸ್ ಮ್ಯಾರಥಾನ್. ಸಂಜೆ ಶುರುವಾದ ಓಟ ಕತ್ತಲಲ್ಲಿ ಮುಗಿಯಿತು. ದಾರಿ ಬದಿಯಲ್ಲಿ ಪಂಜು ಹಿಡಿದ ಸೈನಿಕರು. ಇಥಿಯೋಪಿಯಾ ಚಕ್ರವರ್ತಿಯ ಅಂಗರಕ್ಷಕ ಪಡೆಯಲ್ಲಿದ್ದ ಅಬೆಬೆ ಬಿಕಿಲಾ, ಕಾಲಲ್ಲಿ ಏನೂ ಇಲ್ಲದೆ 2 ಗಂಟೆ 15 ನಿಮಿಷ 16 ಸೆಕೆಂಡಲ್ಲಿ ಗೆದ್ದರು. ಅಷ್ಟು ಬೇಗ ಅಲ್ಲಿವರೆಗೆ ಯಾರೂ ಮ್ಯಾರಥಾನ್ ಮುಗಿಸಿರಲಿಲ್ಲ.

ಅದೂ ಎಲ್ಲಿ? 1930ರ ದಶಕದಲ್ಲಿ ಅವರ ದೇಶವನ್ನ ಆಕ್ರಮಿಸಿದ ಮುಸೊಲಿನಿಯ ರಾಜಧಾನಿಯಲ್ಲಿ. ಆಗ ಇಟಲಿ ಹೊತ್ತೊಯ್ದಿದ್ದ ಇಥಿಯೋಪಿಯಾದ ಅಕ್ಸುಮ್ ಸ್ತಂಭ ಆ ದಾರಿಯಲ್ಲೇ ನಿಂತಿತ್ತು. ಅದರ ಹತ್ತಿರವೇ ಬಿಕಿಲಾ ವೇಗ ಹೆಚ್ಚಿಸಿ, ಜೊತೆಗೇ ಓಡ್ತಿದ್ದ ಮೊರಾಕೊದ ಓಟಗಾರನನ್ನ ಹಿಂದೆ ಹಾಕಿದ್ದು.

ಇದನ್ನ ನೋಡಿದ್ರೆ ಯಾರಿಗೆ ಶೂ ಬಿಚ್ಚೋಣ ಅನ್ನಿಸಲ್ಲ ಹೇಳಿ? ಆದ್ರೆ ಕುಂಟುತ್ತಾ ಮನೇಲಿ ಕೂತು ಓದಿದಾಗ, ವಿಡಿಯೋದಲ್ಲಿ ಇಲ್ಲದ ಎರಡು ವಿಷಯ ಸಿಕ್ಕಿದವು.

ಮೊದಲನೆಯದು, ಬಿಕಿಲಾ ಶೂ ವಿರೋಧಿ ಆಗಿರಲಿಲ್ಲ. ಅಲ್ಲಿ ಸಿಕ್ಕ ಶೂ ಕಾಲಿಗೆ ಸರಿಹೋಗಲಿಲ್ಲ. ಬರಿಗಾಲಲ್ಲಿ ಓಡಿ ಅಭ್ಯಾಸ ಇತ್ತು, ಹಾಗೇ ಓಡಿದ್ರು. ಎರಡನೆಯದು, 1964ರ ಟೋಕಿಯೋ. ಅಪೆಂಡಿಕ್ಸ್ ಆಪರೇಷನ್ ಆಗಿ ಆರು ವಾರವೂ ಆಗಿರಲಿಲ್ಲ. ಈ ಸಲ ಶೂ, ಸಾಕ್ಸ್ ಹಾಕ್ಕೊಂಡು 2 ಗಂಟೆ 12 ನಿಮಿಷ 11 ಸೆಕೆಂಡಲ್ಲಿ ಮತ್ತೆ ಚಿನ್ನ. ಶೂ ಇಂದಾನೇ ಬೇಗ ಓಡಿದ್ರು ಅಂತ ನಾನು ಹೇಳ್ತಿಲ್ಲ, ಊರೂ ಬೇರೆ, ದಾರಿಯೂ ಬೇರೆ. ಆದ್ರೆ ನಾವು ರೋಮ್ ವಿಡಿಯೋ ಮಾತ್ರ ಶೇರ್ ಮಾಡ್ತೀವಿ.

ಐವತ್ತು ವರ್ಷದ ನಂತರ ಬರಿಗಾಲು ಫ್ಯಾಷನ್ ಆಯ್ತು. 2009ರಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಅವರ 'ಬಾರ್ನ್ ಟು ರನ್' ಬಂತು. 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್ಮನ್ ತಂಡ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬರಿಗಾಲಲ್ಲಿ ಓಡಿ ರೂಢಿ ಇರೋರು ಹೆಚ್ಚಾಗಿ ಪಾದದ ಮುಂಭಾಗ ಊರ್ತಾರೆ, ಹಿಮ್ಮಡಿ ಊರೋರಿಗೆ ಬೀಳೋ ಥಟ್ಟನೆಯ ಹೊಡೆತ ಅವರಿಗೆ ಅಷ್ಟಾಗಿ ಬೀಳಲ್ಲ ಅಂತ. 'ರೂಢಿ ಇರೋರು' ಅನ್ನೋ ಪದ ಗಮನಿಸಿ. ಬರಿಗಾಲಲ್ಲಿ ಓಡಿದ್ರೆ ಗಾಯ ಕಡಿಮೆ ಅಂತ ಆ ಅಧ್ಯಯನ ಸಾಬೀತು ಮಾಡಿರಲಿಲ್ಲ. ಮುಂಗಾಲಲ್ಲಿ ಊರಿದಾಗ ಕೆಲಸ ತಪ್ಪಲ್ಲ, ಮೀನಖಂಡಕ್ಕೂ ಹಿಮ್ಮಡಿ ಮೇಲಿನ ಸ್ನಾಯುರಜ್ಜುವಿಗೂ ವರ್ಗಾವಣೆ ಆಗುತ್ತೆ.

ಅಂಗಡಿಗೆ ಇದೆಲ್ಲ ಬೇಕಿರಲಿಲ್ಲ. ಒಂದೊಂದು ಬೆರಳಿಗೂ ಒಂದೊಂದು ಗೂಡಿದ್ದ ಶೂ ಮಾರಿದ ವೈಬ್ರಮ್ ಕಂಪನಿ ಮೇಲೆ ಆರೋಗ್ಯದ ಜಾಹೀರಾತಿಗೆ ಆಧಾರ ಇಲ್ಲ ಅಂತ ಅಮೆರಿಕದಲ್ಲಿ ಕೇಸ್ ಬಿತ್ತು. 2014ರಲ್ಲಿ ಕಂಪನಿ ತಪ್ಪು ಒಪ್ಪದೆ, 37.5 ಲಕ್ಷ ಡಾಲರ್‌ಗೆ ರಾಜಿ ಮಾಡ್ಕೊಂಡಿತು.

ಕಾಮರ್ಸ್ ಓದಿದವನು ನಾನು, ಆ ಭಾಷೆಯಲ್ಲೇ ಹೇಳ್ತೀನಿ. ಬಿಕಿಲಾ ಅವರ ಕ್ಲೋಸಿಂಗ್ ಬ್ಯಾಲೆನ್ಸ್ ನೋಡಿ, ಅದೇ ನನ್ನ ಓಪನಿಂಗ್ ಬ್ಯಾಲೆನ್ಸ್ ಅಂದ್ಕೊಂಡೆ. ನನ್ನ ಕಾಲು ಯುಕೆಜಿಯಿಂದ ಕಪ್ಪು ಸ್ಕೂಲ್ ಶೂ ಒಳಗೆ ಬೆಳೆದದ್ದು. ನಮ್ಮಜ್ಜ ಚಪ್ಪಲಿ ಹಾಕಿದ್ದೇ ಮದುವೆ ದಿನವಂತೆ. ನಾನು ಕುಂಟೋದನ್ನ ನೋಡಿ ಕೇಳಿದ್ರು, "ಅಲ್ಲೋ, ದುಡ್ಡು ಕೊಟ್ಟು ತಂದ ಶೂ ಇರುವಾಗ ನಿನಗೇನಾಗಿತ್ತು?" ನನ್ನ ಹತ್ರ ಉತ್ತರ ಇರಲಿಲ್ಲ.

ಆದ್ರೂ ಬಿಟ್ಟಿಲ್ಲ. ಈಗ ಓಟ ಮುಗಿದ ಮೇಲೆ ಪಾರ್ಕ್ ಹುಲ್ಲಿನ ಮೇಲೆ ಬರಿಗಾಲಲ್ಲಿ ಐದು ನಿಮಿಷ, ಅದೂ ಗಾಜು-ಮುಳ್ಳು ನೋಡ್ಕೊಂಡು. ಮುಂದಿನ ತಿಂಗಳು ಏಳು ನಿಮಿಷ ಮಾಡೋ ಪ್ಲಾನ್ ಇದೆ. ನೀವು ಟ್ರೈ ಮಾಡ್ತೀರಾದ್ರೆ, 6 ಕಿಲೋಮೀಟರ್ ಮಾತ್ರ ಬೇಡ. ಮತ್ತೆ ಸಿಗೋಣ.